ಕೀನ್ಯಾದ ಹಳ್ಳಿಗೆ ಕುಡಿಯೋ ನೀರಿನ ಕೆಲಸ: ಮೂರು ವಾರದಲ್ಲಿ 20 ಮರಳು ಫಿಲ್ಟರ್ ಆಗುತ್ತಾ?

ಸಿವಿಲ್_ದಾವಣಗೆರೆ:
ದಾವಣಗೆರೆಯಲ್ಲಿ ಸಿವಿಲ್ ಓದ್ತಿರೋ 8 ಜನ ಜೂನ್‌ನಲ್ಲಿ ಕೀನ್ಯಾದ ನಕುರು ಕಡೆ ಒಂದು ಹಳ್ಳಿಗೆ ಸ್ವಯಂಸೇವಕರಾಗಿ ಹೋಗ್ತಿದೀವಿ. ಮೂರು ವಾರ ಇರ್ತೀವಿ. ಅಲ್ಲಿ ಬೋರ್ ನೀರು ಕುಡೀತಾರೆ. ಮನೆಗೊಂದರಂತೆ 20 ಕಾಂಕ್ರೀಟ್ ಬಯೋಸ್ಯಾಂಡ್ ಫಿಲ್ಟರ್ (ಮರಳಲ್ಲಿ ನೀರು ಸೋಸಿ ರೋಗಾಣು ತೆಗೆಯೋ ಡಬ್ಬಿ) ಕಟ್ಟಿಕೊಡೋ ಯೋಚನೆ. ಸ್ಟೀಲ್ ಅಚ್ಚು ಒಂದು ಸಿಗುತ್ತೆ. ನೀರು ತಿಳಿಯಾಗಿದೆ, ಉಪ್ಪೂ ಇಲ್ಲ ಅಂತ ಅಲ್ಲಿಯವರು ಹೇಳಿದಾರೆ. ಇಲ್ಲಿಂದ ಏನೇನು ಒಯ್ಯಬೇಕು?

ನೀರಗಂಟಿ:
ಅಚ್ಚಿನ ಮಾತು ಆಮೇಲೆ. ಮೊದಲು ಆ ಬೋರಿನ ನೀರಿನ ರಿಪೋರ್ಟ್ ತರಿಸ್ರಿ. ನಕುರು ಇರೋದು ರಿಫ್ಟ್ ಕಣಿವೆಯಲ್ಲಿ, ಜ್ವಾಲಾಮುಖಿ ಕಲ್ಲಿನ ನೆಲ. ನಮ್ಮ ಜಗಳೂರಿನ ಹಾಗೆ ಅಲ್ಲೂ ಬೋರ್ ನೀರಿನ ದೊಡ್ಡ ತಾಪತ್ರಯ ಫ್ಲೋರೈಡ್, ಹೆಚ್ಚಾದ್ರೆ ಹಲ್ಲು, ಮೂಳೆ ಕೆಡಿಸೋ ಲವಣ. ಮರಳು ಫಿಲ್ಟರ್ ಅದನ್ನ ತೆಗೆಯಲ್ಲ. ಕಾಯಿಸಿದ್ರೆ ನೀರು ಇಂಗಿ ಫ್ಲೋರೈಡ್ ಇನ್ನೂ ಗಟ್ಟಿಯಾಗುತ್ತೆ.

"ತಿಳಿಯಾಗಿದೆ, ಉಪ್ಪಿಲ್ಲ" ಅಂದಿದ್ದೇ ನನಗೆ ಅನುಮಾನ. ಗಡಸು ನೀರಲ್ಲಿ ಕ್ಯಾಲ್ಸಿಯಂ ಇರುತ್ತೆ, ಅದು ಫ್ಲೋರೈಡನ್ನ ಹಿಡಿದು ಕೆಳಗೆ ಕೂರಿಸುತ್ತೆ. ಸೋಪು ಚೆನ್ನಾಗಿ ನೊರೆ ಬರೋ ಮೆತ್ತನೆ ನೀರಲ್ಲೇ ಅದು ಹೆಚ್ಚು ಉಳಿಯೋದು. ವಿಶ್ವ ಆರೋಗ್ಯ ಸಂಸ್ಥೆಯ ಮಿತಿ ಲೀಟರಿಗೆ 1.5 ಮಿಲಿಗ್ರಾಂ. ಅಲ್ಲಿನ ಶಾಲೆಯ ಟೀಚರಿಗೆ ಒಂದು ಫೋನ್ ಮಾಡಿ, 8-12 ವರ್ಷದ ಮಕ್ಕಳ ಮುಂದಿನ ಹಲ್ಲಲ್ಲಿ ಸುಣ್ಣದಂಥ ಚುಕ್ಕೆ, ಕಂದು ಗೆರೆ ಇದೆಯಾ ಕೇಳ್ರಿ. ಸ್ಯಾಂಪಲ್ ಪ್ಲಾಸ್ಟಿಕ್ ಬಾಟಲಿಯಲ್ಲಿ ಹಿಡೀಬೇಕು, ಗಾಜಿನದು ಬೇಡ.

ಜಲ್ಲಿಮರಳು:
ಫ್ಲೋರೈಡ್ ಇಲ್ಲ, ಬರೀ ರೋಗಾಣು ಅಂತ ಖಚಿತವಾದ್ರೂ ನಿಮ್ಮ ಲೆಕ್ಕ ಕೂಡಲ್ಲ. ಒಂದು ಅಚ್ಚಿಂದ ದಿನಕ್ಕೆ ಒಂದೇ ಡಬ್ಬಿ ಹೊರಗೆ ಬರೋದು. 20 ಫಿಲ್ಟರಿಗೆ 20 ದಿನ. ಪ್ರತಿಯೊಂದಕ್ಕೂ ವಾರ ಕ್ಯೂರಿಂಗ್ (ಕಾಂಕ್ರೀಟ್ ಒದ್ದೆಯಾಗಿಡೋದು). ಆಮೇಲೆ ಮರಳಿನ ಮೇಲೆ ಜೀವಪದರ (ರೋಗಾಣು ತಿನ್ನೋ ಸೂಕ್ಷ್ಮಜೀವಿಗಳ ಪದರ) ಕಟ್ಟೋಕೆ 30 ದಿನದವರೆಗೂ ಹಿಡಿಯುತ್ತೆ. ಅಷ್ಟು ಹೊತ್ತಿಗೆ ನೀವು ವಾಪಸ್ ಹರಿಹರ ಸ್ಟೇಷನ್ ದಾಟಿರ್ತೀರಿ. ಐದು ಕಟ್ಟಿ, ಆ ಊರಿನ ಗಾರೆ ಕೆಲಸದವರಿಗೆ ಕಲಿಸಿ, ಅಚ್ಚು ಅಲ್ಲೇ ಬಿಟ್ಟು ಬನ್ನಿ.

ಕೆಡೋದು ಬಹುಪಾಲು ಮರಳಲ್ಲೇ. ಹೊಳೆ ಮರಳು ಬೇಡ, ಕ್ವಾರಿಯ ಕ್ರಷರ್ ಪುಡಿ ಒಳ್ಳೇದು. 12, 6, 0.7 ಮಿ.ಮೀ. ಜರಡಿ ಬೇಕು, ಇಷ್ಟನ್ನ ಇಲ್ಲಿಂದಲೇ ಒಯ್ಯಿರಿ. ತಳಕ್ಕೆ 5 ಸೆಂ.ಮೀ. ದಪ್ಪ ಜಲ್ಲಿ (6-12), ಅದರ ಮೇಲೆ 5 ಸೆಂ.ಮೀ. ಸಣ್ಣ ಜಲ್ಲಿ (0.7-6), ಮಿಕ್ಕಿದ್ದು 0.7ಕ್ಕಿಂತ ಸಣ್ಣ ಮರಳು. ಮೇಲಿನ ತೊಟ್ಟಿ ತುಂಬಿದಾಗ ನಿಮಿಷಕ್ಕೆ 0.4 ಲೀಟರ್ ಬರಬೇಕು, ಅಂದ್ರೆ ಲೀಟರಿಗೆ ಎರಡೂವರೆ ನಿಮಿಷ. ಜೋರಾಗಿ ಬಂದ್ರೆ ಮರಳನ್ನ ಅತಿಯಾಗಿ ತೊಳೆದಿದೀರಿ. ತೊಟ್ಟಿಕ್ಕಿದ್ರೆ ತೊಳೆದಿದ್ದು ಸಾಲದು.

ನೀರು ನಿಂತಾಗ ಮರಳಿನ ಮೇಲೆ 5 ಸೆಂ.ಮೀ. ಇರಬೇಕು. ಕಮ್ಮಿಯಾದ್ರೆ ಪದರ ಒಣಗುತ್ತೆ, ಜಾಸ್ತಿಯಾದ್ರೆ ಅದಕ್ಕೆ ಆಮ್ಲಜನಕ ತಲುಪಲ್ಲ. ಹೊರಗಿನ ಕೊಳವೆಗೆ ನಲ್ಲಿ, ಪೈಪು ಏನೂ ಸಿಗಿಸಕೂಡದು. ಪೈಪು ಸೈಫನ್ ಆಗಿ ನೀರನ್ನೆಲ್ಲ ಎಳೆದುಬಿಡುತ್ತೆ. ಬ್ಲೀಚಿಂಗ್ ಪೌಡರ್ ಹಾಕಿದ ನೀರು ಸುರಿದ್ರೆ ಪದರ ಸತ್ತಂತೆ. ಕ್ಲೋರಿನ್ ಏನಿದ್ರೂ ಸೋಸಿದ ಮೇಲೆ.

ಸೂರುಹನಿ:
ಫ್ಲೋರೈಡ್ ಬಂತು ಅಂದ್ರೆ ಮಳೆನೀರು ಹಿಡಿಯೋದೇ ವಾಸಿ. ತಗಡಿನ ಸೂರು 50 ಚದರ ಮೀಟರ್ ಇದ್ರೆ 10 ಮಿ.ಮೀ. ಮಳೆಗೆ, ಪೋಲಾಗೋದು ಕಳೆದು, 400 ಲೀಟರ್ ಸಿಗುತ್ತೆ. ಕುಡಿಯೋಕೆ, ಅಡಿಗೆಗೆ ತಲೆಗೆ 5 ಲೀಟರ್ ಅಂದ್ರೆ 6 ಜನಕ್ಕೆ ದಿನಕ್ಕೆ 30. ಮಳೆ ಇಲ್ಲದ 90 ದಿನಕ್ಕೆ 2,700 ಲೀಟರ್. ಸ್ನಾನ, ಬಟ್ಟೆ, ದನಕ್ಕೆ ಬೋರ್ ನೀರೇ ಸಾಕು. ಮೊದಲ 1 ಮಿ.ಮೀ. ಮಳೆ, ಈ ಸೂರಿಗೆ 50 ಲೀಟರ್, ಧೂಳು ಹಕ್ಕಿ ಹಿಕ್ಕೆ ಸಮೇತ ಹೊರಗೆ ಹೋಗಲಿ. ಅದಕ್ಕೊಂದು ಬೇರೆ ಪೈಪು, ತುದಿಗೆ ತಿರುಪಿನ ಮುಚ್ಚಳ. ಪ್ರತಿ ಮಳೆ ಆದ್ಮೇಲೆ ಅದನ್ನ ಬಿಚ್ಚಿ ಖಾಲಿ ಮಾಡೋದು ಯಾರು ಅಂತ ಮನೆಯವರ ಜೊತೆ ಮಾತಾಡಿಕೊಂಡೇ ಕಟ್ಟಿ. ಮಳೆಗೆ ಕಾಯಬೇಡಿ, ಸೂರಿನ ಮೇಲೆ ನಾಲ್ಕು ಕೊಡ ಸುರಿದ್ರೆ ಸೂರಿನಂಚಿನ ದೋಣಿಯ ವಾಟ ಎಲ್ಲಿ ತಪ್ಪಿದೆ ಅಂತ ಗೊತ್ತಾಗುತ್ತೆ.

ಇನ್ನೊಂದು: ಹಳದಿ ಜ್ವರದ ಲಸಿಕೆ ಹೊರಡೋಕೆ ಕನಿಷ್ಠ 10 ದಿನ ಮುಂಚೆ ಹಾಕಿಸ್ಕೊಳ್ಳಿ. ಸರ್ಟಿಫಿಕೇಟ್ ಇಲ್ದಿದ್ರೆ ವಾಪಸ್ ಬಂದಾಗ ಏರ್‌ಪೋರ್ಟಿಂದಲೇ ಕ್ವಾರಂಟೈನ್.

ಸಿವಿಲ್_ದಾವಣಗೆರೆ:
ಫ್ಲೋರೈಡ್ ತೆಗೆಯೋಕೆ ಮೂಳೆ ಇದ್ದಿಲಿನ ಫಿಲ್ಟರ್ ನಕುರಿನಲ್ಲೇ ಬಳಕೆಯಲ್ಲಿದೆ ಅಂತ ಓದಿದೆ. ಅದು ಆಗಲ್ವಾ ಸರ್? ಆಲಂ, ಸುಣ್ಣ ಹಾಕೋ ನಲಗೊಂಡ ವಿಧಾನ?

ನೀರಗಂಟಿ:
ಮೂಳೆ ಇದ್ದಿಲು ಆಗುತ್ತೆ. ಆದ್ರೆ ನೀವು ಸುಡೋಕೆ ಹೋಗಬೇಡ್ರಿ, ತಯಾರಾಗಿದ್ದನ್ನೇ ಕೊಳ್ಳಿರಿ. 400-500 ಡಿಗ್ರಿಯಲ್ಲಿ, ಗಾಳಿ ಕಮ್ಮಿ ಕೊಟ್ಟು ಸುಡಬೇಕು. ಬೆಳ್ಳಗಾದ್ರೆ ಹೆಚ್ಚು ಸುಟ್ಟಿದೆ, ಹೀರೋ ಶಕ್ತಿ ಹೋಯ್ತು. ಅರೆಸುಟ್ಟಿದ್ರೆ ನೀರು ನಾರುತ್ತೆ. ಇದ್ದಿಲು ತುಂಬಿಹೋದಾಗ ರುಚಿ, ಬಣ್ಣ ಬದಲಾಗಲ್ಲ, ತಿಂಗಳಿಗೊಮ್ಮೆ ಟೆಸ್ಟ್ ಮಾಡಿದ್ರಷ್ಟೇ ತಿಳಿಯೋದು. ನಲಗೊಂಡ ವಿಧಾನಕ್ಕೆ ದಿನಾ ಅಳೆದು ಹಾಕಿ, ಕಲಕಿ, ತಳದ ರಾಡಿ ಚೆಲ್ಲೋರು ಬೇಕು. ಮೂರು ವಾರಕ್ಕೆ ಬಂದು ಹೋಗೋರು ಶುರು ಮಾಡೋ ಕೆಲಸ ಅಲ್ಲ ಅದು.

ಫ್ಲೋರೈಡ್ ಅಳೆಯೋ ಕಿಟ್ ಓದೋದು ಇಲ್ಲೇ ಕಲೀರಿ. ಜಗಳೂರು ಕಡೆ ಶುದ್ಧ ನೀರಿನ ಘಟಕ ಇರೋ ಒಂದು ಹಳ್ಳಿಗೆ ಹೋಗಿ ಮೂರು ಬಾಟಲಿ ಹಿಡೀರಿ: ಬೋರಿನದು, ಘಟಕದಿಂದ ಕೊಡಕ್ಕೆ ಬೀಳೋದು, ಚರಂಡಿಗೆ ಬಿಡೋದು. ಜಿರ್ಕೋನಿಯಂ ಕಿಟ್‌ನಲ್ಲಿ ಫ್ಲೋರೈಡ್ ಹೆಚ್ಚಿದಷ್ಟೂ ಗುಲಾಬಿ ಹೋಗಿ ಹಳದಿ ಬರುತ್ತೆ. ಘಟಕ ತೆಗೆದ ಫ್ಲೋರೈಡ್ ಚರಂಡಿಯ ನೀರಿಗೇ ಸೇರೋದ್ರಿಂದ ಅದು ಎಲ್ಲಕ್ಕಿಂತ ಹಳದಿ ಬರಬೇಕು, ಬರದಿದ್ರೆ ನಿಮ್ಮ ಕೈಯಲ್ಲೋ ಕಿಟ್ಟಲ್ಲೋ ತಪ್ಪಿದೆ. ನೆರಳಲ್ಲಿ, ಹಿಂದೆ ಬಿಳಿ ಹಾಳೆ ಇಟ್ಟು, ಇಬ್ಬರು ಬೇರೆಬೇರೆ ನೋಡಿ ಬರ್ಕೊಳ್ಳಿ. ಅದೇ ಮೂರೂ ಬಾಟಲಿ ಲ್ಯಾಬಿಗೂ ಕೊಟ್ಟು ತಾಳೆ ನೋಡಿದ ಮೇಲೆ ಟಿಕೆಟ್ ಮಾಡಿಸ್ರಿ.