ಕ್ರೀಡಾ ಬೆಟ್ಟಿಂಗ್‌ಗೆ ರಾಜ್ಯ ಒಪ್ಪಬೇಕೇ? ಟೆಕ್ಸಾಸ್ ಸದಸ್ಯರ ಪ್ರಶ್ನೆಗಳಿಗೆ ವಕೀಲರ ಉತ್ತರ

ಪ್ರಶ್ನೆ: ನಮಸ್ಕಾರ ಮೇಡಂ. ನಾವು ಟೆಕ್ಸಾಸ್‌ನಲ್ಲಿದ್ದೇವೆ. ಇಲ್ಲಿ ಕ್ರೀಡಾ ಬೆಟ್ಟಿಂಗ್‌ಗೆ ಅನುಮತಿ ಇಲ್ಲ, ಆದರೆ ಗಡಿ ದಾಟಿ ಲೂಯಿಸಿಯಾನಕ್ಕೆ ಹೋದರೆ ಫೋನಿನಲ್ಲೇ ಬಾಜಿ ಕಟ್ಟಬಹುದು. ಒಂದೇ ದೇಶದಲ್ಲಿ ಈ ವ್ಯತ್ಯಾಸ ಹೇಗೆ ಬಂತು? ಅನುಮತಿ ಕೊಟ್ಟರೆ ರಾಜ್ಯದ ಬೊಕ್ಕಸ ತುಂಬುತ್ತದೆ ಎನ್ನುತ್ತಾರೆ; ಕೊಟ್ಟರೆ ಹುಡುಗರು ಹಾಳಾಗುತ್ತಾರೆ ಎನ್ನುವವರೂ ಇದ್ದಾರೆ. ನನಗೆ ಕಾಲೇಜಿಗೆ ಹೋಗುವ ಮಗನಿದ್ದಾನೆ. ಯಾವ ಮಾತನ್ನು ನಂಬಬೇಕು ಎಂಬುದನ್ನು ದಯವಿಟ್ಟು ತಿಳಿಸಿ.

ಉತ್ತರ: ನಮಸ್ಕಾರ. ಮೊದಲು ಕಾನೂನಿನ ಹಿನ್ನೆಲೆಯನ್ನು ಹೇಳಿಬಿಡುತ್ತೇನೆ. 1992ರಲ್ಲಿ ಅಮೆರಿಕದ ಸಂಸತ್ತು ಒಂದು ಕಾಯ್ದೆ ಮಾಡಿ, ಕ್ರೀಡಾ ಬೆಟ್ಟಿಂಗ್‌ಗೆ ರಾಜ್ಯಗಳು ಹೊಸದಾಗಿ ಅನುಮತಿ ಕೊಡದಂತೆ ತಡೆದಿತ್ತು. ಅದಾಗಲೇ ಇಂಥ ವ್ಯವಸ್ಥೆ ಇದ್ದ ನೆವಾಡಾ, ಡೆಲಾವೇರ್, ಮೊಂಟಾನಾ, ಓರೆಗಾನ್ ರಾಜ್ಯಗಳಿಗೆ ಮಾತ್ರ ವಿನಾಯಿತಿ ಸಿಕ್ಕಿತ್ತು. ನ್ಯೂಜೆರ್ಸಿ ಇದರ ವಿರುದ್ಧ ವರ್ಷಗಟ್ಟಲೆ ಕಾದಾಡಿತು. 2018ರ ಮೇ 14ರಂದು ಸುಪ್ರೀಂ ಕೋರ್ಟ್ ಆ ಕಾಯ್ದೆಯನ್ನು ರದ್ದುಪಡಿಸಿತು. ಬೆಟ್ಟಿಂಗ್ ಒಳ್ಳೆಯದು ಎಂದು ನ್ಯಾಯಾಲಯ ಹೇಳಲಿಲ್ಲ ಎಂಬುದನ್ನು ಗಮನಿಸಬೇಕು. ಸಂಸತ್ತಿಗೆ ಬೇಕಿದ್ದರೆ ತಾನೇ ನೇರವಾಗಿ ನಿಯಂತ್ರಿಸಲಿ, ಆದರೆ ನೀವು ಇಂಥ ಕಾನೂನು ಮಾಡಕೂಡದು ಎಂದು ರಾಜ್ಯಗಳ ಶಾಸನಸಭೆಗಳಿಗೆ ಅಪ್ಪಣೆ ಮಾಡುವ ಅಧಿಕಾರ ಅದಕ್ಕಿಲ್ಲ ಎಂಬುದಷ್ಟೇ ತೀರ್ಪಿನ ತಿರುಳು. ಸಂಸತ್ತು ಸುಮ್ಮನಿರುವುದರಿಂದ ತೀರ್ಮಾನ ರಾಜ್ಯಗಳ ಪಾಲಿಗೆ ಬಂದಿದೆ. ಈಗ 38ಕ್ಕೂ ಹೆಚ್ಚು ರಾಜ್ಯಗಳು ಯಾವುದಾದರೊಂದು ರೂಪದಲ್ಲಿ ಅನುಮತಿ ನೀಡಿವೆ. ಯೂಟಾ ಮತ್ತು ಹವಾಯಿಯಲ್ಲಿ ಲಾಟರಿಗೂ ಅವಕಾಶವಿಲ್ಲ.

ಟೆಕ್ಸಾಸ್‌ನಲ್ಲಿ ಸಂವಿಧಾನ ತಿದ್ದುಪಡಿಯ ಹಾದಿ ಹಿಡಿದಿರುವುದರಿಂದ, ಎರಡೂ ಸದನಗಳಲ್ಲಿ ಮೂರನೇ ಎರಡರಷ್ಟು ಬಹುಮತ ದೊರೆತು, ಆಮೇಲೆ ಮತದಾರರ ಒಪ್ಪಿಗೆಯೂ ಸಿಗಬೇಕು. 2023ರಲ್ಲಿ ಕೆಳಮನೆಯಲ್ಲಿ ಬೇಕಿದ್ದದ್ದು 100 ಮತ, ಬಿದ್ದದ್ದು 101. ಸೆನೆಟ್ ಅದನ್ನು ಕೈಗೆತ್ತಿಕೊಳ್ಳಲೇ ಇಲ್ಲ. ನಿಮ್ಮ ಶಾಸನಸಭೆಯ ನಿಯಮಿತ ಅಧಿವೇಶನ ಬೆಸ ಸಂಖ್ಯೆಯ ವರ್ಷಗಳಲ್ಲಿ ಮಾತ್ರ ನಡೆಯುವ ಕಾರಣ, ಒಮ್ಮೆ ತಪ್ಪಿದರೆ ಮತ್ತೆರಡು ವರ್ಷ ಕಾಯುವುದು ಅನಿವಾರ್ಯ.

ಇನ್ನು ಯಾರ ಮಾತನ್ನು ನಂಬಬೇಕು ಎಂಬ ಪ್ರಶ್ನೆ. ಪರವಾನಗಿ ಮತ್ತು ತೆರಿಗೆಯ ಕಡತಗಳನ್ನು ನೋಡುವುದೇ ನನ್ನ ವೃತ್ತಿಯಾದ್ದರಿಂದ ನನಗೆ ಅನ್ನಿಸುವುದನ್ನು ನೇರವಾಗಿ ಹೇಳುತ್ತೇನೆ: ‘ಅನುಮತಿ ಬೇಕೇ, ಬೇಡವೇ’ ಎಂದು ಕೇಳಿದರೆ ಅರ್ಧ ವಿಷಯ ಮರೆಯಾಗುತ್ತದೆ. ಕೌಂಟರಿನ ಮುಂದೆ ನಿಂತು ಕಟ್ಟುವ ಬಾಜಿಗೂ, ರಾತ್ರಿ ಎರಡು ಗಂಟೆಗೆ ಹಾಸಿಗೆಯಲ್ಲಿ ಮಲಗಿ ಫೋನಿನಲ್ಲಿ ಕಟ್ಟುವ ಬಾಜಿಗೂ ಕಾನೂನಿನಲ್ಲಿ ಒಂದೇ ಹೆಸರಿದ್ದರೂ ಅವೆರಡೂ ಬೇರೆ ಬೇರೆ ವ್ಯವಹಾರಗಳು. ಮಸೂದೆಯಲ್ಲಿ ಇವೆರಡರ ಪೈಕಿ ಯಾವುದಿದೆ ಎಂಬುದನ್ನು ಮೊದಲು ನೋಡಿ.

ಮರುಪ್ರಶ್ನೆ: ಬೊಕ್ಕಸದ ವಿಷಯವನ್ನು ಸ್ವಲ್ಪ ಬಿಡಿಸಿ ಹೇಳುವಿರಾ ಮೇಡಂ? ಕೋಟ್ಯಂತರ ಡಾಲರ್ ಎಂದು ಜಾಹೀರಾತುಗಳಲ್ಲಿ ಕೇಳುತ್ತೇವೆ.

ಉತ್ತರ: ಅಲ್ಲಿ ಕೇಳಿಬರುವುದು ಸಾಮಾನ್ಯವಾಗಿ ಬಾಜಿಯ ಒಟ್ಟು ಮೊತ್ತ. ತೆರಿಗೆ ಬೀಳುವುದು ಬಹುತೇಕ ರಾಜ್ಯಗಳಲ್ಲಿ ಅದರ ಮೇಲಲ್ಲ. ಗೆದ್ದವರಿಗೆ ಕೊಟ್ಟ ಮೇಲೆ ಕಂಪನಿಯ ಬಳಿ ಉಳಿದ ಹಣದ ಮೇಲೆ. 2024ರಲ್ಲಿ ದೇಶದಾದ್ಯಂತ ಕಾನೂನುಬದ್ಧವಾಗಿ ಕಟ್ಟಿದ ಬಾಜಿ ಹತ್ತಿರ ಹತ್ತಿರ 15,000 ಕೋಟಿ ಡಾಲರ್. ಕಂಪನಿಗಳ ಬಳಿ ಉಳಿದದ್ದು ಸುಮಾರು 1,370 ಕೋಟಿ. ಅಂದರೆ 1,000 ಡಾಲರ್ ಬಾಜಿಗೆ 90 ಡಾಲರ್‌ಗಿಂತ ಸ್ವಲ್ಪ ಹೆಚ್ಚು. ತೆರಿಗೆ ಶೇ 10 ಇರುವ ರಾಜ್ಯಕ್ಕೆ ಅದರಲ್ಲಿ ಬರುವುದು 9 ಡಾಲರ್ ಚಿಲ್ಲರೆ. ಹೊಸ ಗ್ರಾಹಕರಿಗೆ ಕೊಡುವ ಉಚಿತ ಬಾಜಿಯನ್ನು ಖರ್ಚೆಂದು ಕಳೆದುಕೊಳ್ಳಲು ಕಾನೂನು ಬಿಟ್ಟರೆ ಅದೂ ಕರಗುತ್ತದೆ. ಕೊಲೊರಾಡೊ ಇದನ್ನು ಅನುಭವದಿಂದ ಕಲಿತು, 2022ರಲ್ಲಿ ಕಾನೂನು ಮಾಡಿ ಈ ಕಡಿತವನ್ನು ಹಂತ ಹಂತವಾಗಿ ಇಳಿಸಿತು.

ತೆರಿಗೆಯ ದರಗಳು ಒಂದಕ್ಕೊಂದು ಸಂಬಂಧವಿಲ್ಲದಂತಿವೆ. ನೆವಾಡಾದಲ್ಲಿ ಶೇ 6.75, ನ್ಯೂಯಾರ್ಕ್‌ನ ಮೊಬೈಲ್ ಬೆಟ್ಟಿಂಗ್‌ಗೆ ಶೇ 51. ಲೂಯಿಸಿಯಾನ 2025ರಲ್ಲಿ ಮೊಬೈಲ್ ದರವನ್ನು ಶೇ 15ರಿಂದ ಶೇ 21.5ಕ್ಕೆ ಏರಿಸಿ, ಒಂದು ಪಾಲನ್ನು ಕಾಲೇಜು ಕ್ರೀಡೆಗೆ ಮೀಸಲಿಟ್ಟಿತು. ಟೆನ್ನೆಸೀ ಮಾತ್ರ 2023ರಿಂದ ಉಳಿಕೆಯ ಗೊಡವೆಯನ್ನೇ ಬಿಟ್ಟು ಬಾಜಿಯ ಮೊತ್ತದ ಮೇಲೆ ಶೇ 1.85 ಹಾಕುತ್ತಿದೆ. ಲೆಕ್ಕ ತಪ್ಪಿಸಿಕೊಳ್ಳಲು ಅಲ್ಲಿ ಸಂದು ಕಡಿಮೆ ಎಂಬ ಕಾರಣಕ್ಕೆ ಆ ಪದ್ಧತಿ ನನಗೆ ಹಿಡಿಸುತ್ತದೆ.

ಎಲ್ಲಕ್ಕಿಂತ ಹೆಚ್ಚು ಗಳಿಸುವ ನ್ಯೂಯಾರ್ಕ್‌ಗೆ ವರ್ಷಕ್ಕೆ ಸುಮಾರು 100 ಕೋಟಿ ಡಾಲರ್ ಬರುತ್ತದೆ. ದೊಡ್ಡ ಮೊತ್ತವೇ ಸರಿ, ಆದರೆ ಆ ರಾಜ್ಯದ ವಾರ್ಷಿಕ ಬಜೆಟ್ 23,000 ಕೋಟಿ ಡಾಲರ್‌ಗೂ ಮೇಲಿರುವುದರಿಂದ ಇದು ಅದರ ಶೇ 0.5ನ್ನೂ ಮುಟ್ಟುವುದಿಲ್ಲ. ಒಂದು ನಿರ್ದಿಷ್ಟ ಕೆಲಸಕ್ಕೆ ಈ ಹಣ ಸಾಕಾಗಬಹುದು. ಕೊಲೊರಾಡೊ ತನ್ನ ಜಲ ಯೋಜನೆಗೆ ಕೊಡುತ್ತಿದೆ. ಆದರೆ ಇದರಿಂದ ಶಾಲೆಗಳ ಚಿತ್ರವೇ ಬದಲಾಗುತ್ತದೆ, ಆಸ್ತಿ ತೆರಿಗೆ ಇಳಿಯುತ್ತದೆ ಎಂದು ಯಾರಾದರೂ ಹೇಳಿದರೆ ಕಾಗದ, ಪೆನ್ನು ಕೊಟ್ಟು ಲೆಕ್ಕ ಮಾಡಿ ತೋರಿಸಲು ಹೇಳಿ.

ಇನ್ನೊಬ್ಬ ಸದಸ್ಯರ ಪ್ರಶ್ನೆ: ಕಂಪನಿಯ ಬಳಿ ಅಷ್ಟು ಹಣ ಉಳಿಯುವುದಾದರೂ ಹೇಗೆ? ಗೆಲ್ಲುವವರು, ಸೋಲುವವರು ಅರ್ಧಕ್ಕರ್ಧ ಇರಬೇಕಲ್ಲವೇ?

ಉತ್ತರ: ಒಳ್ಳೆಯ ಪ್ರಶ್ನೆ. ಸಾಮಾನ್ಯ ಬಾಜಿಯಲ್ಲಿ 100 ಡಾಲರ್ ಗೆಲ್ಲಲು 110 ಕಟ್ಟಬೇಕು. ಎರಡು ತಂಡಗಳ ಮೇಲೆ ಇಬ್ಬರು ತಲಾ 110 ಕಟ್ಟಿದರೆ ಒಟ್ಟು 220 ಆಯಿತು. ಗೆದ್ದವರಿಗೆ ಅವರ 110ರ ಜೊತೆ 100 ಸೇರಿಸಿ 210 ಕೊಡುತ್ತಾರೆ, 10 ಡಾಲರ್ ಕಂಪನಿಗೆ ಉಳಿಯುತ್ತದೆ. ಇದು ಸುಮಾರು ಶೇ 4.5. ಈ ವ್ಯವಸ್ಥೆಯಲ್ಲಿ ನಷ್ಟವಾಗದಿರಲು ಆಡುವವರು 100ರಲ್ಲಿ 52ಕ್ಕೂ ಹೆಚ್ಚು ಸಲ ಗೆಲ್ಲಬೇಕಾಗುತ್ತದೆ. ದಶಕಗಳ ಕಾಲ ನೆವಾಡಾದ ಕೌಂಟರುಗಳು ಇದರ ಆಸುಪಾಸಿನ ಉಳಿಕೆಯಲ್ಲೇ ನಡೆದುಕೊಂಡು ಬಂದವು.

ಫೋನ್ ಬಂದ ಮೇಲೆ ಕಂಪನಿಗಳು ಮುಂದೆ ತಳ್ಳಿದ್ದು ಪಾರ್ಲೇ ಎಂಬ ಸರಪಳಿ ಬಾಜಿಯನ್ನು. ನಾಲ್ಕು ಫಲಿತಾಂಶಗಳನ್ನು ಒಟ್ಟಿಗೆ ಹೆಣೆದು 10 ಡಾಲರ್ ಕಟ್ಟುತ್ತೀರಿ. ನಾಲ್ಕೂ ನಿಜವಾದರೆ ಮಾತ್ರ ಹಣ, ಒಂದು ತಪ್ಪಿದರೂ ಸೊನ್ನೆ. ಒಂದೊಂದೂ ಅರ್ಧಕ್ಕರ್ಧ ಸಾಧ್ಯತೆಯದ್ದಾದರೆ ನಾಲ್ಕೂ ಕೂಡಿಬರುವುದು 16ರಲ್ಲಿ ಒಂದು ಸಲ, ಆದ್ದರಿಂದ ನ್ಯಾಯವಾಗಿ ಸಿಗಬೇಕಾದದ್ದು 160 ಡಾಲರ್. ಮೇಲಿನ ದರದಲ್ಲೇ ಗುಣಿಸುತ್ತ ಹೋದರೆ ಕೈಗೆ ಬರುವುದು ಸುಮಾರು 133 ಡಾಲರ್. ಕಂಪನಿಯ ಪಾಲು ಶೇ 4.5ರಿಂದ ಶೇ 17ಕ್ಕೆ ಜಿಗಿಯಿತು. ಪಂದ್ಯದ ನಡುವೆ ನಿಮ್ಮ ಮಗನ ಫೋನಿಗೆ ‘ಇಂದಿನ ವಿಶೇಷ ಪಾರ್ಲೇ’ ಎಂಬ ಸಂದೇಶ ಏಕೆ ಬರುತ್ತದೆ ಎಂಬುದಕ್ಕೆ ಬೇರೆ ವಿವರಣೆ ಬೇಡ. ಇಲ್ಲೊಂದು ಮುಜುಗರದ ಸಂಗತಿಯೂ ಇದೆ: ಉಳಿಕೆ ಹೆಚ್ಚಿದಷ್ಟೂ ತೆರಿಗೆ ಹೆಚ್ಚುವುದರಿಂದ, ಆಡುವವರು ಹೆಚ್ಚು ಸೋಲುವುದರಲ್ಲಿ ರಾಜ್ಯಕ್ಕೂ ಒಂದು ಪಾಲು ಸೇರುತ್ತದೆ.

ಮರುಪ್ರಶ್ನೆ: ಆದರೆ ಅನುಮತಿ ಇಲ್ಲದಿದ್ದರೂ ಜನ ವಿದೇಶಿ ಜಾಲತಾಣಗಳಲ್ಲಿ ಆಡಿಯೇ ಆಡುತ್ತಾರಲ್ಲ? ಅದಕ್ಕಿಂತ ಕಣ್ಣೆದುರಿಗೇ ಇರುವುದು ಒಳ್ಳೆಯದಲ್ಲವೇ?

ಉತ್ತರ: ಪರವಾಗಿ ವಾದಿಸುವವರ ಅತ್ಯಂತ ಗಟ್ಟಿ ವಾದ ಇದೇ, ಇದನ್ನು ತಳ್ಳಿಹಾಕುವಂತಿಲ್ಲ. ವಿದೇಶದಿಂದ ನಡೆಯುವ ತಾಣ ಗೆದ್ದ ಹಣವನ್ನು ಕೊಡದಿದ್ದರೆ ದೂರು ಕೊಡಲು ಜಾಗವಿಲ್ಲ, ವಯಸ್ಸಿನ ತಪಾಸಣೆಗೆ ಹೊಣೆಗಾರರಿಲ್ಲ. ಪರವಾನಗಿ ಇರುವ ಕಂಪನಿ ವಿಲಕ್ಷಣ ಬಾಜಿ ಕಂಡರೆ ವರದಿ ಮಾಡುತ್ತದೆ. ಟೊರಾಂಟೊ ರ‍್ಯಾಪ್ಟರ್ಸ್ ಬ್ಯಾಸ್ಕೆಟ್‌ಬಾಲ್ ತಂಡದ ಆಟಗಾರ ಜಾಂಟೆ ಪೋರ್ಟರ್ ಅನಾರೋಗ್ಯದ ನೆಪ ಹೇಳಿ ಪಂದ್ಯದಿಂದ ಬೇಗ ಹೊರಬಂದು, ಅವರ ಅಂಕ ಕಡಿಮೆಯಾಗುತ್ತದೆ ಎಂದು ಬಾಜಿ ಕಟ್ಟಿದವರಿಗೆ ನೆರವಾದ ಪ್ರಕರಣ ಹೀಗೆಯೇ ಬಯಲಿಗೆ ಬಂತು. 2024ರ ಏಪ್ರಿಲ್‌ನಲ್ಲಿ ಎನ್‌ಬಿಎ ಎಂಬ ಬ್ಯಾಸ್ಕೆಟ್‌ಬಾಲ್ ಲೀಗ್ ಅವರನ್ನು ಆಜೀವ ನಿಷೇಧಿಸಿತು, ಆಮೇಲೆ ಅವರು ನ್ಯಾಯಾಲಯದಲ್ಲಿ ತಪ್ಪೊಪ್ಪಿಕೊಂಡರು. ಆದರೆ ಒಬ್ಬನೇ ಆಟಗಾರನ ಅಂಕಗಳ ಮೇಲೆ ಬಾಜಿ ಕಟ್ಟಲು ಇಷ್ಟು ಸುಲಭವಾದ ಮಾರುಕಟ್ಟೆ ಇಲ್ಲದಿದ್ದರೆ ಆ ಆಮಿಷ ಅಷ್ಟು ದೊಡ್ಡದಾಗುತ್ತಿತ್ತೇ ಎಂದೂ ಕೇಳಬೇಕು. ಅದೇ ವರ್ಷ ಒಹಾಯೊ, ಮೇರಿಲ್ಯಾಂಡ್ ಮತ್ತು ಲೂಯಿಸಿಯಾನ ಕಾಲೇಜು ಆಟಗಾರರ ವೈಯಕ್ತಿಕ ಸಾಧನೆಯ ಮೇಲಿನ ಬಾಜಿಯನ್ನು ನಿಲ್ಲಿಸಿದವು. ಹತ್ತೊಂಬತ್ತು ವರ್ಷದ ವಿದ್ಯಾರ್ಥಿ ಒಂದು ಚೆಂಡು ತಪ್ಪಿಸಿದ್ದಕ್ಕೆ ಅಪರಿಚಿತರಿಂದ ಬೆದರಿಕೆ ಪಡೆಯಬೇಕಾಗಿ ಬರುವುದನ್ನು ಯಾವ ವರಮಾನವೂ ಸಮರ್ಥಿಸಲಾರದು.

ಜನ ಹೇಗಿದ್ದರೂ ಆಡುತ್ತಾರೆ ಎನ್ನುವುದು ಅರ್ಧ ನಿಜ. ಕಳ್ಳದಾರಿಯಲ್ಲಿ ಆಡುತ್ತಿದ್ದವರಲ್ಲಿ ಕೆಲವರು ಇತ್ತ ಬರುತ್ತಾರೆ. ಅವರ ಜೊತೆಗೆ, ಎಂದೂ ಆಡದಿದ್ದವರು ದೊಡ್ಡ ಸಂಖ್ಯೆಯಲ್ಲಿ ಶುರುಮಾಡುತ್ತಾರೆ. ರಾಜ್ಯಗಳು ಬೇರೆ ಬೇರೆ ವರ್ಷಗಳಲ್ಲಿ ಅನುಮತಿ ಕೊಟ್ಟದ್ದರಿಂದ ಅರ್ಥಶಾಸ್ತ್ರಜ್ಞರಿಗೆ ಹೋಲಿಸಿ ನೋಡಲು ಅನುಕೂಲವಾಗಿದೆ. 2024ರಲ್ಲಿ ಹೊರಬಂದ ಅಧ್ಯಯನಗಳಲ್ಲಿ ಒಂದು, ಅನುಮತಿಯ ನಂತರದ ವರ್ಷಗಳಲ್ಲಿ ಕ್ರೆಡಿಟ್ ಸ್ಕೋರ್ ಇಳಿದು ದಿವಾಳಿ ಅರ್ಜಿಗಳು ಏರಿದ್ದನ್ನೂ, ಆನ್‌ಲೈನ್ ಅವಕಾಶವಿದ್ದ ರಾಜ್ಯಗಳಲ್ಲಿ ಈ ಪರಿಣಾಮ ಹೆಚ್ಚು ತೀವ್ರವಾಗಿದ್ದುದನ್ನೂ ಗುರುತಿಸಿತು. ಇನ್ನೊಂದು ಅಧ್ಯಯನ, ಬಾಜಿಗೆ ಹೋಗುವ ಹಣ ಮನರಂಜನೆಯ ಖರ್ಚಿನಿಂದಷ್ಟೇ ಬರದೆ ಷೇರು ಮತ್ತು ಉಳಿತಾಯದಿಂದಲೂ ಹೊರಬರುತ್ತದೆ ಎಂದು ತೋರಿಸಿತು. ಮೇಲೆ ನಾನು ಕೌಂಟರ್ ಮತ್ತು ಫೋನ್ ಬೇರೆ ಎಂದದ್ದು ಈ ಕಾರಣಕ್ಕೆ.

ಇನ್ನೊಬ್ಬ ಸದಸ್ಯರ ಪ್ರಶ್ನೆ: ತೆರಿಗೆ ಹೆಚ್ಚಿಸಿದರೆ ಕಂಪನಿಗಳೇ ಹಿಂದೆ ಸರಿಯುವುದಿಲ್ಲವೇ?

ಉತ್ತರ: ನ್ಯೂಯಾರ್ಕ್‌ನಲ್ಲಿ ಶೇ 51 ಇದ್ದರೂ ದೊಡ್ಡವರು ಬಿಟ್ಟುಹೋಗಿಲ್ಲ. ಹೊರೆಯನ್ನು ಗ್ರಾಹಕರ ಮೇಲೆ ಹಾಕುವ ಸಾಧ್ಯತೆ ಮಾತ್ರ ಇದೆ. ಇಲಿನಾಯ್ 2025ರ ಜುಲೈನಿಂದ ಪ್ರತಿ ಬಾಜಿಗೆ 25 ಸೆಂಟ್, ಎರಡು ಕೋಟಿ ಬಾಜಿ ದಾಟಿದ ಕಂಪನಿಗೆ 50 ಸೆಂಟ್ ಹಾಕಿದಾಗ, ಫ್ಯಾನ್‌ಡ್ಯುಯೆಲ್ ಮತ್ತು ಡ್ರಾಫ್ಟ್‌ಕಿಂಗ್ಸ್ ಎಂಬ ದೊಡ್ಡ ಬೆಟ್ಟಿಂಗ್ ಕಂಪನಿಗಳು ಸೆಪ್ಟೆಂಬರ್‌ನಿಂದ ಆಡುವವರಿಂದಲೇ ಬಾಜಿಗೆ 50 ಸೆಂಟ್ ವಸೂಲು ಮಾಡತೊಡಗಿದವು. ಸಣ್ಣ ಸಣ್ಣ ಬಾಜಿಗಳನ್ನು ಸರಾಗವಾಗಿ ಕಟ್ಟುವ ಅಭ್ಯಾಸಕ್ಕೆ ಅದೊಂದು ತಡೆಯಾದರೆ ನನಗೇನೂ ಬೇಸರವಿಲ್ಲ.

ಮೊದಲ ಸದಸ್ಯರ ಮರುಪ್ರಶ್ನೆ: ಬಹಳ ಉಪಕಾರವಾಯಿತು ಮೇಡಂ. ಮುಂದಿನ ಅಧಿವೇಶನದಲ್ಲಿ ಮಸೂದೆ ಬಂದರೆ ನಮ್ಮ ಶಾಸಕರಿಗೆ ಪತ್ರ ಬರೆಯಬೇಕೆಂದಿದ್ದೇನೆ. ಏನು ಕೇಳಲಿ? ಮತಕ್ಕೆ ಬಂದರೆ ಜನ ಒಪ್ಪುತ್ತಾರೆಯೇ?

ಉತ್ತರ: ಜನರ ಒಪ್ಪಿಗೆಯನ್ನು ಊಹಿಸುವುದು ಕಷ್ಟ. ಕ್ಯಾಲಿಫೋರ್ನಿಯಾದಲ್ಲಿ 2022ರಲ್ಲಿ ಎರಡು ಪ್ರಸ್ತಾವಗಳು ಮತಕ್ಕೆ ಬಂದಿದ್ದವು. ಪರ, ವಿರೋಧ ಎರಡೂ ಬಣದವರು ಸೇರಿ 40 ಕೋಟಿ ಡಾಲರ್‌ಗೂ ಹೆಚ್ಚು ಸುರಿದರೂ ಎರಡೂ ಸೋತವು, ಆನ್‌ಲೈನ್ ಪ್ರಸ್ತಾವಕ್ಕಂತೂ ಶೇ 80ಕ್ಕೂ ಹೆಚ್ಚು ಜನ ಬೇಡವೆಂದರು. ಮಿಸೌರಿಯಲ್ಲಿ 2024ರಲ್ಲಿ ಸುಮಾರು 30 ಲಕ್ಷ ಮತಗಳಲ್ಲಿ 3,000ಕ್ಕಿಂತ ಕಡಿಮೆ ಅಂತರದಿಂದ ಇಂಥದ್ದೇ ಪ್ರಸ್ತಾವ ಗೆದ್ದಿತು.

ಪತ್ರದಲ್ಲಿ ನೈತಿಕತೆಯ ವಾದ ಬೇಡ, ಅದನ್ನು ಓದಿ ಬದಿಗಿಡುತ್ತಾರೆ. ಕ್ರೆಡಿಟ್ ಕಾರ್ಡಿನಿಂದ ಖಾತೆಗೆ ಹಣ ತುಂಬಲು ಬಿಡುತ್ತೀರಾ ಎಂದು ಕೇಳಿ, ಮ್ಯಾಸಚೂಸೆಟ್ಸ್ ಬಿಡುವುದಿಲ್ಲ. ಉಚಿತ ಬಾಜಿಯನ್ನು ತೆರಿಗೆ ಬೀಳುವ ಹಣದಿಂದ ಕಳೆಯಲು ಅವಕಾಶವಿದೆಯೇ, ಕಾಲೇಜು ಆಟಗಾರರ ಮೇಲಿನ ಬಾಜಿ ಪಟ್ಟಿಯಲ್ಲಿದೆಯೇ ಎಂದು ಕೇಳಿ. ಒಬ್ಬರು ತಾವಾಗಿಯೇ ‘ನನ್ನನ್ನು ಆಡಲು ಬಿಡಬೇಡಿ’ ಎಂದು ನೋಂದಾಯಿಸಿಕೊಂಡರೆ ಅದು ಎಲ್ಲ ಕಂಪನಿಗಳಿಗೂ ಒಟ್ಟಿಗೆ ಅನ್ವಯಿಸುತ್ತದೆಯೋ, ಇಲ್ಲವೇ ಒಂದೊಂದು ಆ್ಯಪ್‌ನಲ್ಲೂ ಬೇರೆ ಬೇರೆಯಾಗಿ ಬೇಡಿಕೊಳ್ಳಬೇಕೋ ಎಂಬುದನ್ನು ತಪ್ಪದೆ ಕೇಳಿ. ನನ್ನ ಅನುಭವದಲ್ಲಿ ಕುಟುಂಬಗಳಿಗೆ ಕೊನೆಗೆ ಬೇಕಾಗುವುದು ಈ ಕಲಮು.

ಇನ್ನೊಂದು ವಿಷಯವನ್ನೂ ಸೇರಿಸಿ. 2025ರ ಜನವರಿಯಿಂದ ಕಲ್ಶಿಯಂಥ ಮುನ್ಸೂಚನಾ ಮಾರುಕಟ್ಟೆಗಳು ಪಂದ್ಯಗಳ ಫಲಿತಾಂಶವನ್ನು ಹಣಕಾಸು ಒಪ್ಪಂದದ ರೂಪದಲ್ಲಿ ಮಾರುತ್ತಿವೆ. ತಮ್ಮ ಮೇಲ್ವಿಚಾರಣೆ ಕೇಂದ್ರದ ಸರಕು ವಾಯಿದೆ ವ್ಯಾಪಾರ ಆಯೋಗಕ್ಕೆ ಸೇರಿದ್ದು, ರಾಜ್ಯಗಳ ಜೂಜು ಕಾನೂನು ತಮಗೆ ತಾಗದು ಎಂಬುದು ಅವುಗಳ ನಿಲುವು. ಹಲವು ರಾಜ್ಯಗಳು ನೋಟಿಸ್ ಕೊಟ್ಟಿವೆ, ವ್ಯಾಜ್ಯಗಳು ನಡೆದಿವೆ, ನ್ಯಾಯಾಲಯಗಳು ಒಂದೇ ಅಭಿಪ್ರಾಯಕ್ಕೆ ಬಂದಿಲ್ಲ. ಟೆಕ್ಸಾಸ್ ಅನುಮತಿ ಕೊಡದೆ ಕುಳಿತಿರುವಾಗಲೂ ಈ ಬಾಗಿಲು ನಿಮ್ಮ ಮಗನ ಫೋನಿನಲ್ಲಿ ತೆರೆದಿದ್ದಿರಬಹುದು. ಆದ್ದರಿಂದ ಶಾಸಕರ ಉತ್ತರಕ್ಕೆ 2027ರವರೆಗೆ ಕಾಯುವ ಬದಲು, ಫೋನಿನಲ್ಲಿ ಏನಿದೆ ಎಂದು ಮಗನನ್ನೇ ಈ ವಾರ ಕೇಳಿನೋಡಿ.