ಎರಡೇ ಬಣ್ಣದ ಪೋಸ್ಟರ್, ಸಹಾಯ ಬೇಕು

ನಮಸ್ಕಾರ ಎಲ್ಲರಿಗೂ. ನಮ್ಮೂರಿನ ನಾಟಕ ತಂಡಕ್ಕೆ ಪೋಸ್ಟರ್ ಮಾಡುತ್ತಿದ್ದೇನೆ. ಸ್ಕ್ರೀನ್ ಪ್ರಿಂಟ್, ಅದೂ ಎರಡೇ ಬಣ್ಣ (ದುಡ್ಡಿಲ್ಲ, ಅಷ್ಟೇ). ಅದಕ್ಕೇ ಕೆಲವೇ ಗಾಢ ಬಣ್ಣಗಳಲ್ಲಿ ಚಿತ್ರ ಮಾಡುವ ಫ್ರೆಂಚ್ ಕಲಾವಿದೆ ಮಲಿಕಾ ಫಾವ್ರ್ ಅವರ ಚಿತ್ರಗಳನ್ನು ನೋಡುತ್ತಾ ಕೂತಿದ್ದೇನೆ. 2017ರಲ್ಲಿ ನ್ಯೂಯಾರ್ಕರ್ ಪತ್ರಿಕೆಗೆ ಮಾಡಿದ ಮುಖಪುಟ ನೆನಪಿದೆಯಾ? ಆಪರೇಷನ್ ಟೇಬಲ್ ಮೇಲೆ ಮಲಗಿದವರ ಕಣ್ಣಿಗೆ ಕಾಣುವ ಹಾಗೆ, ಮೇಲಿಂದ ಬಗ್ಗಿ ನೋಡುವ ಹೆಣ್ಣು ಸರ್ಜನ್‌ಗಳು. ಇನ್ನೊಬ್ಬ ಚಿತ್ರ ಕಲಾವಿದ ನೋಮಾ ಬಾರ್ ಅವರದು ಇನ್ನೊಂದು ಥರ, ಖಾಲಿ ಬಿಟ್ಟ ಜಾಗದಲ್ಲೇ ಎರಡನೇ ಚಿತ್ರ ಅಡಗಿರುತ್ತದೆ. ನಾನೂ ಪರದೆಯ ಸಂದಿಯಲ್ಲಿ ಒಂದು ಮುಖ ತರೋಣ ಅಂತ ಹೋದೆ, ಅಮ್ಮ ನೋಡಿ ‘ತಂಬಿಗೆ ಚೆನ್ನಾಗಿ ಬಂದಿದೆ’ ಅಂದರು.

ಗೆರೆ ಎಳೆಯದೆ ಮೂಗು, ತುಟಿ ಗೊತ್ತಾಗುವ ಹಾಗೆ ಮಾಡುವುದು ಹೇಗೆ? ಮೊದಲು ಕಪ್ಪು ಕಾಗದ ಕತ್ತರಿಸಿ ನೋಡಬೇಕಾ, ಸೀದಾ ಕಂಪ್ಯೂಟರ್‌ನಲ್ಲಿ ಇಲ್ಲಸ್ಟ್ರೇಟರ್ (ಚಿತ್ರ ಬಿಡಿಸುವ ಸಾಫ್ಟ್‌ವೇರ್) ತೆರೆದು ಕೂರಬೇಕಾ? ಶುಕ್ರವಾರ ಪ್ರಿಂಟಿಂಗ್‌ಗೆ ಕೊಡಬೇಕು.