ಡೆಲವೇರ್ ಕಂಪನಿಗೆ 85 ಸಾವಿರ ಡಾಲರ್ ಫ್ರಾಂಚೈಸ್ ಟ್ಯಾಕ್ಸ್ ನೋಟಿಸ್! ಎಲ್ಲಿ ಎಡವಿದೆ? [ಪರಿಹಾರ ಸಿಕ್ಕಿದೆ]

ಬೈಟು_ಕಾಫಿ:
ಎಲ್ಲರಿಗೂ ನಮಸ್ಕಾರ. ಎರಡು ದಿನದಿಂದ ಸರಿಯಾಗಿ ನಿದ್ದೆ ಇಲ್ಲ, ಅದಕ್ಕೇ ಇಲ್ಲಿ ಕೇಳುತ್ತಿದ್ದೇನೆ.

ನಾನು ಕ್ಯಾಲಿಫೋರ್ನಿಯಾದ ಸನಿವೇಲ್‌ನಲ್ಲಿದ್ದೇನೆ, ಪಾರ್ಟ್‌ನರ್ ಮೈಸೂರಿನಲ್ಲಿ. ಇಬ್ಬರೂ ಸೇರಿ ಒಂದು ಸಣ್ಣ ಸಾಫ್ಟ್‌ವೇರ್ ಕಂಪನಿ ನಡೆಸುತ್ತಿದ್ದೇವೆ. ಎಲ್ಲರೂ ಡೆಲವೇರ್ ಡೆಲವೇರ್ ಅಂದರು ಅಂತ ನಾವೂ ಆ ರಾಜ್ಯದಲ್ಲೇ ಸಿ-ಕಾರ್ಪ್ (ಷೇರು ಇರುವ ಮಾಮೂಲಿ ಕಂಪನಿ) ಮಾಡಿಸಿದೆವು. ಆನ್‌ಲೈನ್‌ನಲ್ಲಿ ಕಂಪನಿ ಮಾಡಿಕೊಡುವ ಸೈಟುಗಳಿವೆಯಲ್ಲ, ಅಂಥ ಒಂದರಲ್ಲಿ ಅರ್ಧ ಗಂಟೆಗೆ ಕೆಲಸ ಮುಗಿಯಿತು. ಮೊದಲ ವರ್ಷದ ಫೈಲಿಂಗ್ ಅವರೇ ಮಾಡಿದ್ದರು. ಆಮೇಲೆ ಸುಮ್ನೆ ದುಡ್ಡು ದಂಡ ಅಂತ ಚಂದಾ ನಿಲ್ಲಿಸಿದೆ.

ಮೊನ್ನೆ ರಿಜಿಸ್ಟರ್ಡ್ ಏಜೆಂಟ್ (ಡೆಲವೇರ್‌ನಲ್ಲಿ ನಮ್ಮ ಪರವಾಗಿ ಸರ್ಕಾರಿ ಪತ್ರ ತೆಗೆದುಕೊಳ್ಳುವವರು) ಕಡೆಯಿಂದ ನೋಟಿಸ್ ಬಂತು. ಫ್ರಾಂಚೈಸ್ ಟ್ಯಾಕ್ಸ್ (ಕಂಪನಿ ಅಲ್ಲಿ ನೋಂದಣಿಯಾಗಿರುವುದಕ್ಕೆ ರಾಜ್ಯಕ್ಕೆ ವರ್ಷಾವರ್ಷ ಕಟ್ಟುವ ತೆರಿಗೆ) 85,165 ಡಾಲರ್, ವಾರ್ಷಿಕ ವರದಿಗೆ ಇನ್ನೊಂದು 50. ಮಾರ್ಚ್ 1ರೊಳಗೆ ಕಟ್ಟಬೇಕು. ನಮ್ಮ ದುಡ್ಡಲ್ಲಿ ಎಪ್ಪತ್ತು ಲಕ್ಷಕ್ಕೂ ಮೇಲಾಯಿತು! ಕಂಪನಿಯ ಬ್ಯಾಂಕ್ ಖಾತೆಯಲ್ಲಿ ಇರುವುದೇ 59 ಸಾವಿರ ಡಾಲರ್. ಲಾಭ ಅಂತೂ ಇನ್ನೂ ಕಣ್ಣಿಗೆ ಬಿದ್ದಿಲ್ಲ. ಟ್ಯಾಕ್ಸ್ ಉಳಿಯುತ್ತದೆ ಅಂತ ತಾನೇ ಡೆಲವೇರ್‌ಗೆ ಹೋಗಿದ್ದು? ಇದು ಮೋಸದ ಪತ್ರವೋ, ನಿಜವೋ?

ಬುಲೆಟ್_ರಾಜ:
ಅಣ್ಣಾ, ಆ ಕಂಪನಿ ಮುಚ್ಚಿಬಿಡಿ. ನೆವಾಡಾದಲ್ಲಿ ಹೊಸದು ತೆರೆಯಿರಿ. ಅಲ್ಲಿ ಟ್ಯಾಕ್ಸೇ ಇಲ್ಲ. ದೊಡ್ಡ ದೊಡ್ಡವರೇ ಡೆಲವೇರ್ ಬಿಟ್ಟು ಓಡುತ್ತಿದ್ದಾರೆ, ನೀವು ಯಾಕೆ ಅಲ್ಲಿ ಕೂತಿದ್ದೀರಿ?

ಲೆಕ್ಕಿಗ:
ಯಾರೂ ಏನೂ ಮುಚ್ಚುವುದು ಬೇಡ. ಬೈಟು ಅವರೇ, ಮೊದಲು ಒಂದು ಲೋಟ ನೀರು ಕುಡಿಯಿರಿ. ನಿಮ್ಮ ಕಂಪನಿಗೆ ಒಟ್ಟು 1 ಕೋಟಿ ಆಥರೈಸ್ಡ್ ಷೇರು ಇದೆ, ಅಂದರೆ ಹೆಚ್ಚೆಂದರೆ ಅಷ್ಟು ಷೇರು ಹಂಚಬಹುದು ಅಂತ ಬರೆಸಿದ್ದೀರಿ, ಹೌದಲ್ವಾ?

ಬೈಟು_ಕಾಫಿ:
ಹೌದು! ನಾನು ಹೇಳಲೇ ಇಲ್ಲವಲ್ಲ, ನಿಮಗೆ ಹೇಗೆ ಗೊತ್ತಾಯಿತು?

ಲೆಕ್ಕಿಗ:
85,165 ಅನ್ನುವ ಅಂಕಿ ನೋಡಿದರೆ ಸಾಕು. ಪ್ರತಿ ಫೆಬ್ರವರಿಯಲ್ಲೂ ಇದೇ ಅಂಕಿ ಹಿಡಿದುಕೊಂಡು ಯಾರಾದರೂ ಒಬ್ಬರು ಬರುತ್ತಾರೆ.

ಪತ್ರ ನಿಜವೇ. ಆದರೆ ನೀವು ಕಟ್ಟಬೇಕಾದ ಮೊತ್ತ ಅದಲ್ಲ. ಡೆಲವೇರ್ ಈ ಟ್ಯಾಕ್ಸನ್ನು ಎರಡು ಥರ ಲೆಕ್ಕ ಹಾಕುತ್ತದೆ. ನೋಟಿಸಿನಲ್ಲಿ ಬರುವುದು ಮೊದಲನೇ ಥರ, ಅಂದರೆ ಆಥರೈಸ್ಡ್ ಷೇರಿನ ಲೆಕ್ಕ. 5,000 ಷೇರಿನವರೆಗೆ 175 ಡಾಲರ್. 10,000ದವರೆಗೆ 250. ಅದರ ಮೇಲೆ ಪ್ರತಿ 10,000 ಷೇರಿಗೆ 85 ಡಾಲರ್. 1 ಕೋಟಿಯಲ್ಲಿ ಮೊದಲ 10,000 ಕಳೆದರೆ ಅಂಥ 999 ಗುಂಪು ಉಳಿಯುತ್ತದೆ. 999 ಇಂಟು 85, ಅಂದರೆ 84,915. ಅದಕ್ಕೆ 250 ಸೇರಿಸಿ. ನಿಮ್ಮ ಅಂಕಿ ಬಂತಾ?

ಎರಡನೆಯದರ ಹೆಸರು ಅಸ್ಯೂಮ್ಡ್ ಪಾರ್ ವ್ಯಾಲ್ಯೂ ಕ್ಯಾಪಿಟಲ್ ಲೆಕ್ಕ. ಹೆಸರು ಉದ್ದ, ಲೆಕ್ಕ ಸುಲಭ. ವರ್ಷದ ಕೊನೆಗೆ ಕಂಪನಿಯ ಒಟ್ಟು ಆಸ್ತಿ ಎಷ್ಟು ಅಂತ ತೆಗೆದುಕೊಳ್ಳಿ. ಅದನ್ನು ನಿಜವಾಗಿ ಹಂಚಿದ ಷೇರುಗಳಿಂದ ಭಾಗಿಸಿ. ಬಂದದ್ದನ್ನು ಆಥರೈಸ್ಡ್ ಷೇರುಗಳಿಂದ ಗುಣಿಸಿ. ಉತ್ತರವನ್ನು ಮುಂದಿನ 10 ಲಕ್ಷಕ್ಕೆ ಏರಿಸಿ. ಪ್ರತಿ 10 ಲಕ್ಷ ಡಾಲರಿಗೆ 400 ಡಾಲರ್ ಟ್ಯಾಕ್ಸ್. ಈ ಲೆಕ್ಕದಲ್ಲಿ 400ಕ್ಕಿಂತ ಕಡಿಮೆ ಇಲ್ಲ. ಎರಡರಲ್ಲಿ ಯಾವುದು ಕಡಿಮೆಯೋ ಅದನ್ನು ಕಟ್ಟಲು ಕಾನೂನೇ ಬಿಡುತ್ತದೆ. ಆದರೆ ನಿಮ್ಮ ಆಸ್ತಿ ಎಷ್ಟು ಅಂತ ಸರ್ಕಾರಕ್ಕೆ ಗೊತ್ತಿಲ್ಲವಲ್ಲ, ಆದ್ದರಿಂದ ಗೊತ್ತಿರುವ ಮೊದಲನೇ ಲೆಕ್ಕದಲ್ಲೇ ನೋಟಿಸ್ ಹೋಗುತ್ತದೆ.

ಆನ್‌ಲೈನ್‌ನಲ್ಲಿ ವಾರ್ಷಿಕ ವರದಿ ತೆರೆದು ಒಟ್ಟು ಆಸ್ತಿ, ಹಂಚಿದ ಷೇರು ಎರಡನ್ನೂ ತುಂಬಿ, ಮತ್ತೆ ಲೆಕ್ಕ ಹಾಕುವ ಬಟನ್ ಒತ್ತಿ. ಒಟ್ಟು ಆಸ್ತಿ ಅಂದರೆ ಬರೀ ಬ್ಯಾಂಕ್ ಬ್ಯಾಲೆನ್ಸ್ ಅಲ್ಲ. ಫೆಡರಲ್ ತೆರಿಗೆಯ 1120 ಫಾರ್ಮ್‌ನ ಶೆಡ್ಯೂಲ್ ಎಲ್‌ನಲ್ಲಿ (ಕಂಪನಿಯ ಆಸ್ತಿ-ಸಾಲದ ಪಟ್ಟಿ) ಬರುವ ಮೊತ್ತ.

ರಾಜ ಅವರೇ, ನಿಮಗೊಂದು ಮಾತು. ನೆವಾಡಾದಲ್ಲಿ ಕಂಪನಿ ಇದ್ದರೆ ವರ್ಷಾವರ್ಷ ಡೈರೆಕ್ಟರು, ಅಧಿಕಾರಿಗಳ ಪಟ್ಟಿ ಸಲ್ಲಿಸಲು ಕನಿಷ್ಠ 150, ಬಿಸಿನೆಸ್ ಲೈಸೆನ್ಸ್‌ಗೆ 500. ಒಟ್ಟು 650 ಡಾಲರ್. ಡೆಲವೇರ್‌ನಲ್ಲಿ ಇವರಿಗೆ 450ರಲ್ಲಿ ಮುಗಿಯುತ್ತದೆ. ಮುಚ್ಚಬೇಕೆಂದರೂ ಮೊದಲು ಬಾಕಿ ಟ್ಯಾಕ್ಸ್ ಕಟ್ಟಲೇಬೇಕು.

ಬೈಟು_ಕಾಫಿ:
ಹೋದ ಜೀವ ಬಂದಂತಾಯಿತು ಸಾರ್! ಆದರೆ ಇನ್ನೂ ಏನೋ ಸರಿ ಇಲ್ಲ. ಬ್ಯಾಂಕಿನ 59 ಸಾವಿರ, ಎರಡು ಲ್ಯಾಪ್‌ಟಾಪ್ ಸೇರಿ 3 ಸಾವಿರ, ಒಟ್ಟು ಆಸ್ತಿ 62,000 ಅಂತ ಹಾಕಿದೆ. ನಮ್ಮಿಬ್ಬರಿಗೂ 40 ಲಕ್ಷ 40 ಲಕ್ಷ ಷೇರು ಇದೆ, ಅದನ್ನೂ ಹಾಕಿದೆ. 3,200 ಡಾಲರ್ ತೋರಿಸುತ್ತಿದೆ. ನೀವು 400 ಅಂದಿರಿ. 85 ಸಾವಿರದ ಮುಂದೆ ಇದೇನು ಜಾಸ್ತಿ ಅಲ್ಲ, ಕಟ್ಟಿಬಿಡಲಾ?

ಲೆಕ್ಕಿಗ:
ಬೇಡ ಬೇಡ, ಕೈ ತಡೆಯಿರಿ. 62,000ವನ್ನು 80 ಲಕ್ಷದಿಂದ ಭಾಗಿಸಿದರೆ 0.00775. ಅದನ್ನು 1 ಕೋಟಿಯಿಂದ ಗುಣಿಸಿದರೆ 77,500. 10 ಲಕ್ಷಕ್ಕೆ ಏರಿಸಿದರೂ ಒಂದೇ ಗುಂಪು, 400 ಡಾಲರ್. 3,200 ಬರಬೇಕಾದರೆ ಎಂಟು ಗುಂಪು ಆಗಬೇಕು. ಹಂಚಿದ ಷೇರಿನ ಸಂಖ್ಯೆಯಲ್ಲೇ ಏನೋ ತಪ್ಪಿದೆ. ಆ ಕಾಲಂನಲ್ಲಿ ಎಷ್ಟು ಸೊನ್ನೆ ಹಾಕಿದಿರಿ? ಎಣಿಸಿ ಹೇಳಿ.

ಬೈಟು_ಕಾಫಿ:
ಅಯ್ಯೋ. ನನ್ನ ಎಕ್ಸೆಲ್‌ನಲ್ಲಿ ನಮ್ಮ ಊರಿನ ಪದ್ಧತಿಯಂತೆ 80,00,000 ಅಂತ ಇದೆ. ಅದನ್ನು ನೋಡಿಕೊಂಡು ಟೈಪ್ ಮಾಡುವಾಗ ನಡುವಿನ ಎರಡು ಸೊನ್ನೆ ಬಿಟ್ಟುಬಿಟ್ಟಿದ್ದೇನೆ. 80,000 ಅಂತ ಹೋಗಿದೆ!

ಲೆಕ್ಕಿಗ:
ಅದೇ. ಈ ಲೆಕ್ಕದಲ್ಲಿ ಹಂಚಿದ ಷೇರು ಕಡಿಮೆಯಾದಷ್ಟೂ ಟ್ಯಾಕ್ಸ್ ಏರುತ್ತದೆ. ಕೆಲವರು ಕಂಪನಿ ಮಾಡಿಸಿ, 1 ಕೋಟಿ ಷೇರು ಬರೆಸಿ, ತಮ್ಮ ಹೆಸರಿಗೆ ಬರೀ 1,000 ಷೇರು ಹಾಕಿಕೊಂಡಿರುತ್ತಾರೆ. ಅಂಥವರು ಎರಡನೇ ಲೆಕ್ಕ ಹಾಕಿದರೆ ಮೊದಲನೆಯದಕ್ಕಿಂತ ದೊಡ್ಡ ಹೊಡೆತ. ನಿಮ್ಮ ಹತ್ತಿರ ಷೇರು ಖರೀದಿ ಒಪ್ಪಂದದ ಕಾಗದ ಇದೆ ತಾನೇ? ಇಬ್ಬರ ಸಹಿಯೂ ಇರಬೇಕು. ಬರೀ ಎಕ್ಸೆಲ್‌ನಲ್ಲಿ ಬರೆದುಕೊಂಡರೆ ಷೇರು ಹಂಚಿದಂತಲ್ಲ.

ಬೈಟು_ಕಾಫಿ:
ಇದೆ, ಇಬ್ಬರೂ ಸಹಿ ಮಾಡಿದ್ದೇವೆ. ಸರಿ ಮಾಡಿದೆ, ಈಗ 400 ಬಂತು. ವರದಿಯ 50 ಸೇರಿ 450 ಕಟ್ಟಿದೆ. ರಶೀದಿ ಕೈಗೆ ಬಂದಿದೆ. ನಿಮಗೆ ಎಷ್ಟು ಥ್ಯಾಂಕ್ಸ್ ಹೇಳಿದರೂ ಸಾಲದು.

ಈಗ ತಲೆ ತಣ್ಣಗಾದ ಮೇಲೆ ಒಂದು ಪ್ರಶ್ನೆ. ಟ್ಯಾಕ್ಸ್ ಉಳಿಯುವುದಿಲ್ಲ ಅಂದಮೇಲೆ ಜನ ಯಾಕೆ ಡೆಲವೇರ್‌ಗೇ ಹೋಗುತ್ತಾರೆ? ನಾನಂತೂ ಆ ರಾಜ್ಯದಲ್ಲಿ ಕಾಲೇ ಇಟ್ಟಿಲ್ಲ.

ಹಾಸನದ_ಹುಡುಗಿ:
ಇದು ನನ್ನ ಇಷ್ಟದ ವಿಷಯ, ಸ್ವಲ್ಪ ಉದ್ದ ಬರೆಯುತ್ತೇನೆ. ಬೇಡದವರು ಕೆಳಗೆ ಹೋಗಿ.

ಅಮೆರಿಕದಲ್ಲಿ ಕಂಪನಿ ಕಾನೂನು ಆಯಾ ರಾಜ್ಯದ್ದು. ವ್ಯಾಪಾರ ಎಲ್ಲೇ ಮಾಡಿ, ಕಂಪನಿಯ ಒಳಗಿನ ವ್ಯವಹಾರಕ್ಕೆ ಅದು ಹುಟ್ಟಿದ ರಾಜ್ಯದ ಕಾನೂನೇ ಲಾಗೂ. ಡೈರೆಕ್ಟರುಗಳ ಹೊಣೆ ಏನು, ಷೇರುದಾರರು ಯಾವಾಗ ದಾವೆ ಹಾಕಬಹುದು, ಕಂಪನಿ ಮಾರಲು ಯಾರ ಮತ ಬೇಕು, ಎಲ್ಲವೂ. ಅಂದರೆ ರಾಜ್ಯ ಆರಿಸುವುದು ಅಂದರೆ ಜಗಳ ಬಂದಾಗ ಯಾವ ನಿಯಮ, ಯಾವ ಕೋರ್ಟು ಅಂತ ಮೊದಲೇ ಆರಿಸಿದ ಹಾಗೆ. ಮದುವೆಗೆ ಮುಂಚೆಯೇ ಪಂಚಾಯ್ತಿ ಯಾರು ಅಂತ ಗೊತ್ತು ಮಾಡಿದಂತೆ.

ತಮಾಷೆ ಏನೆಂದರೆ ಈ ಆಟದಲ್ಲಿ ಮೊದಲು ಗೆದ್ದದ್ದು ನ್ಯೂಜೆರ್ಸಿ. 19ನೇ ಶತಮಾನದ ಕೊನೆಗೆ ಅದು ಕಾನೂನು ಸಡಿಲ ಮಾಡಿ ದೊಡ್ಡ ಟ್ರಸ್ಟುಗಳನ್ನೆಲ್ಲ (ಒಂದೇ ಉದ್ಯಮದ ಕಂಪನಿಗಳ ಕೂಟಗಳು) ಕರೆದುಕೊಂಡಿತು. ಡೆಲವೇರ್ 1899ರಲ್ಲಿ ಹೆಚ್ಚುಕಡಿಮೆ ಅದನ್ನೇ ನೋಡಿ ತನ್ನ ಕಾಯ್ದೆ ಮಾಡಿಕೊಂಡಿತು. 1913ರಲ್ಲಿ, ವುಡ್ರೋ ವಿಲ್ಸನ್ ಗವರ್ನರ್ ಆಗಿದ್ದಾಗ, ನ್ಯೂಜೆರ್ಸಿ ನಿಯಮ ಬಿಗಿ ಮಾಡಿತು. ಕಂಪನಿಗಳು ಡೆಲವೇರ್‌ಗೆ ಗಂಟುಮೂಟೆ ಕಟ್ಟಿದವು. ಆಮೇಲೆ ನ್ಯೂಜೆರ್ಸಿ ತನ್ನ ಬಿಗಿ ಸಡಿಲಿಸಿದರೂ ಹೋದವರು ಬರಲಿಲ್ಲ.

ಡೆಲವೇರ್‌ನ ನಿಜವಾದ ಬಂಡವಾಳ ಅದರ ಕೋರ್ಟ್ ಆಫ್ ಚಾನ್ಸರಿ. 1792ರಿಂದ ಇದೆ. ಜ್ಯೂರಿ, ಅಂದರೆ ತೀರ್ಪು ಹೇಳುವ ಸಾಮಾನ್ಯ ಜನರ ತಂಡ, ಇಲ್ಲ. ಕಂಪನಿ ಜಗಳಗಳನ್ನೇ ನೋಡಿ ನೋಡಿ ಪಳಗಿದ ನ್ಯಾಯಾಧೀಶರು ಕೇಳುತ್ತಾರೆ, ಕಾರಣ ಬರೆದು ತೀರ್ಪು ಕೊಡುತ್ತಾರೆ. ಅಂಥ ತೀರ್ಪು ನೂರಾರು ಇರುವುದರಿಂದ ವಕೀಲರಿಗೆ ಮುಂದೇನಾಗಬಹುದು ಅನ್ನುವ ಅಂದಾಜು ಸಿಗುತ್ತದೆ. ಫಾರ್ಚೂನ್ 500 (ಅಮೆರಿಕದ ಅತಿ ದೊಡ್ಡ 500) ಕಂಪನಿಗಳಲ್ಲಿ ಮೂರನೇ ಎರಡರಷ್ಟು ಅಲ್ಲೇ ಹುಟ್ಟಿರುವುದು ಇದಕ್ಕೇ. ವಿಲ್ಮಿಂಗ್ಟನ್ ಊರಲ್ಲಿ ಒಂದೇ ಕಟ್ಟಡದ ವಿಳಾಸದಲ್ಲಿ ಎರಡು ಲಕ್ಷಕ್ಕೂ ಜಾಸ್ತಿ ಕಂಪನಿ ನೋಂದಾಯಿಸಿವೆ. ಒಳಗೆ ಹೋದರೆ ಒಬ್ಬ ರಿಜಿಸ್ಟರ್ಡ್ ಏಜೆಂಟಿನ ಆಫೀಸು, ಅಷ್ಟೇ!

ರಾಜ ಹೇಳಿದ್ದರಲ್ಲೂ ಅರ್ಧ ನಿಜ ಇದೆ. 2024ರ ಜನವರಿಯಲ್ಲಿ ಆ ಕೋರ್ಟಿನ ಚಾನ್ಸಲರ್ (ಮುಖ್ಯ ನ್ಯಾಯಾಧೀಶೆ) ಕ್ಯಾಥಲೀನ್ ಮೆಕಾರ್ಮಿಕ್ ಅವರು ಟೆಸ್ಲಾ ಕಂಪನಿ ಇಲಾನ್ ಮಸ್ಕ್‌ಗೆ ಕೊಟ್ಟಿದ್ದ ಸುಮಾರು 56 ಬಿಲಿಯನ್ ಡಾಲರಿನ ವೇತನ ಪ್ಯಾಕೇಜನ್ನು ರದ್ದು ಮಾಡಿದರು. ಸಿಟ್ಟಾದ ಮಸ್ಕ್ ತಮ್ಮ ರಾಕೆಟ್ ಕಂಪನಿ ಸ್ಪೇಸ್‌ಎಕ್ಸ್‌ನ ನೋಂದಣಿಯನ್ನು ಟೆಕ್ಸಾಸ್‌ಗೆ ಒಯ್ದರು. ಜೂನ್‌ನಲ್ಲಿ ಟೆಸ್ಲಾ ಷೇರುದಾರರೂ ಟೆಕ್ಸಾಸ್‌ಗೆ ಮತ ಹಾಕಿದರು. ಡ್ರಾಪ್‌ಬಾಕ್ಸ್ ನೆವಾಡಾಕ್ಕೆ ಹೋಯಿತು. ಟೆಕ್ಸಾಸ್ 2024ರ ಸೆಪ್ಟೆಂಬರಿನಿಂದ ತನ್ನದೇ ಬಿಸಿನೆಸ್ ಕೋರ್ಟ್ ನಡೆಸುತ್ತಿದೆ. ಡೆಲವೇರ್ ಗಾಬರಿಯಾಗಿ 2025ರ ಮಾರ್ಚ್‌ನಲ್ಲಿ ಕಾನೂನು ತಿದ್ದಿತು. ಕಂಪನಿಯನ್ನು ಹಿಡಿತದಲ್ಲಿ ಇಟ್ಟುಕೊಂಡ ದೊಡ್ಡ ಷೇರುದಾರರಿಗೆ ಅನುಕೂಲವಾಗುವ ತಿದ್ದುಪಡಿ ಅದು. ಆ ವರ್ಷದ ಡಿಸೆಂಬರಿನಲ್ಲಿ ಡೆಲವೇರ್ ಸುಪ್ರೀಂ ಕೋರ್ಟು ಮಸ್ಕ್ ಪ್ಯಾಕೇಜನ್ನೂ ಮತ್ತೆ ಊರ್ಜಿತಗೊಳಿಸಿತು.

ನನ್ನ ಅಭಿಪ್ರಾಯ ಕೇಳಿದರೆ, ಈ ಓಡಾಟದಲ್ಲಿ ಕಂಪನಿ ಹಿಡಿದವರಿಗೆ ಲಾಭ, ಸಣ್ಣ ಷೇರುದಾರರಿಗೆ ನಷ್ಟ. ಟೆಕ್ಸಾಸ್‌ನ 2025ರ ಕಾನೂನು ನೋಡಿ. ಷೇರುಪೇಟೆಯಲ್ಲಿ ಲಿಸ್ಟ್ ಆದ ಕಂಪನಿ ಒಂದು ಷೇರಿನ ಮಿತಿ ಇಟ್ಟು (ಹೆಚ್ಚೆಂದರೆ ಶೇಕಡಾ 3), ಅಷ್ಟು ಷೇರು ಇಲ್ಲದವರು ಕಂಪನಿಯ ಪರವಾಗಿ ದಾವೆ ಹಾಕದಂತೆ ನಿಯಮ ಮಾಡಿಕೊಳ್ಳಬಹುದು. ಟೆಸ್ಲಾದಂಥ ಕಂಪನಿಯಲ್ಲಿ ಶೇಕಡಾ 3 ಅಂದರೆ ಲಕ್ಷ ಕೋಟಿ ರೂಪಾಯಿಗೂ ಮೇಲೆ. ನಮ್ಮ ನಿಮ್ಮಂಥವರಿಗೆ ಬಾಗಿಲು ಮುಚ್ಚಿದಂತೆಯೇ.

ಆದರೆ ಬೈಟು ಅವರೇ, ಇಬ್ಬರೇ ಇರುವ ಕಂಪನಿಗೆ ಇದೆಲ್ಲ ದೂರದ ಮಾತು. ವೆಂಚರ್ ಹೂಡಿಕೆದಾರರ ಹತ್ತಿರ ಹೋಗುವ ಆಲೋಚನೆ ಇದ್ದರೆ ಡೆಲವೇರ್ ಇರಲಿ. ಅವರ ವಕೀಲರ ಕಾಗದಪತ್ರವೆಲ್ಲ ಅದಕ್ಕೇ ತಯಾರಾಗಿರುತ್ತದೆ. ಹೂಡಿಕೆ ಬೇಡ, ನಮ್ಮ ಪಾಡಿಗೆ ನಾವು ಅನ್ನುವವರಿಗೆ ಮನೆ ಇರುವ ರಾಜ್ಯವೇ ಸಾಕಿತ್ತು.

ಜಯನಗರ_4ನೇ_ಬ್ಲಾಕ್:
ನಮ್ಮಲ್ಲಿ ಈ ತಲೆನೋವು ಇಲ್ಲ. 2013ರ ಕಂಪನಿ ಕಾಯ್ದೆ ಇಡೀ ದೇಶಕ್ಕೆ ಒಂದೇ. ಬೆಂಗಳೂರಲ್ಲಿ ನೋಂದಾಯಿಸಿದರೂ ಪುಣೆಯಲ್ಲಿ ನೋಂದಾಯಿಸಿದರೂ ಡೈರೆಕ್ಟರ್ ಹೊಣೆ ಒಂದೇ. ಸ್ಟಾಂಪ್ ಡ್ಯೂಟಿ, ಯಾವ ರಿಜಿಸ್ಟ್ರಾರ್ ಕಚೇರಿ, ಅಷ್ಟೇ ವ್ಯತ್ಯಾಸ.

ಅದಕ್ಕೇ ನಮ್ಮವರಿಗೆ ಆಯ್ಕೆ ರಾಜ್ಯಗಳ ನಡುವೆ ಅಲ್ಲ, ದೇಶಗಳ ನಡುವೆ. ಬೆಂಗಳೂರಿನ ಗ್ರೋ, ಮೀಶೋ, ರೇಜರ್‌ಪೇ ಮೂರರ ಮಾತೃ ಕಂಪನಿಯೂ ಡೆಲವೇರ್‌ನಲ್ಲೇ ಇತ್ತು. ಇಲ್ಲಿ ಐಪಿಓ ಮಾಡಬೇಕು ಅಂದಾಗ ವಾಪಸ್ ತಂದರು. ವಾಪಸಾತಿ ಪುಕ್ಕಟೆ ಅಲ್ಲ. ಗ್ರೋ ಒಂದೇ ಸುಮಾರು 1,340 ಕೋಟಿ ರೂಪಾಯಿ ಟ್ಯಾಕ್ಸ್ ಕಟ್ಟಿತು. ನಿಮ್ಮ 85 ಸಾವಿರ ಕಾಗದದ ಹುಲಿ, ಅದು ನಿಜವಾದ ಹುಲಿ 😄

ಲೆಕ್ಕಿಗ:
ಹರಟೆ ಚೆನ್ನಾಗಿದೆ, ಆದರೆ ಒಂದು ವಿಷಯ ಯಾರೂ ಕೇಳಲಿಲ್ಲ. ಬೈಟು ಅವರೇ, ಕೆಲಸವೆಲ್ಲ ಸನಿವೇಲ್ ಮನೆಯಿಂದಲೇ ಅಲ್ವಾ? ಕ್ಯಾಲಿಫೋರ್ನಿಯಾದಲ್ಲಿ ಫಾರಿನ್ ಕಾರ್ಪೊರೇಷನ್ ಅಂತ ನೋಂದಾಯಿಸಿದ್ದೀರಾ?

ಬೈಟು_ಕಾಫಿ:
ಫಾರಿನ್? ಕಂಪನಿ ಅಮೆರಿಕದ್ದೇ ಅಲ್ವಾ ಸಾರ್?

ಲೆಕ್ಕಿಗ:
ಅದೇ ಭಯ ಇತ್ತು. ಕ್ಯಾಲಿಫೋರ್ನಿಯಾ ಲೆಕ್ಕದಲ್ಲಿ ಡೆಲವೇರ್ ಕಂಪನಿಯೂ ಪರಊರಿನದೇ. ಅಲ್ಲಿ ಕೂತು ವ್ಯಾಪಾರ ಮಾಡುವುದಾದರೆ ನೋಂದಣಿ ಬೇಕು. ಶುಲ್ಕ 100 ಡಾಲರ್. ಆಮೇಲೆ ವರ್ಷಕ್ಕೆ ಕನಿಷ್ಠ 800 ಡಾಲರ್ ಫ್ರಾಂಚೈಸ್ ಟ್ಯಾಕ್ಸ್. ಕಾರ್ಪೊರೇಷನ್‌ಗೆ ಮೊದಲ ವರ್ಷ ಆ ಕನಿಷ್ಠ ಮೊತ್ತದ ವಿನಾಯಿತಿ ಇದೆ. ಲಾಭ ಬಂದಾಗ ಅಲ್ಲಿನ ಆದಾಯದ ಮೇಲೆ ಶೇಕಡಾ 8.84. ಎಲ್ಲಿ ಹುಟ್ಟಿತು ಅನ್ನುವುದರಿಂದ ಇದು ತಪ್ಪುವುದಿಲ್ಲ. ನೋಂದಣಿ ಇಲ್ಲದಿದ್ದರೆ ದಂಡ ಬೀಳಬಹುದು. ಗಿರಾಕಿ ದುಡ್ಡು ಕೊಡದೆ ಕೈ ಎತ್ತಿದರೆ ಅಲ್ಲಿನ ಕೋರ್ಟಿನಲ್ಲಿ ದಾವೆ ನಡೆಸಲೂ ಆಗುವುದಿಲ್ಲ.

ಡೆಲವೇರ್ ಬಾಕಿ ತೀರಿಸಿದ್ದು ಈಗ ಕೆಲಸಕ್ಕೆ ಬರುತ್ತದೆ. ಕ್ಯಾಲಿಫೋರ್ನಿಯಾ ನೋಂದಣಿಗೆ ಡೆಲವೇರ್‌ನ ಗುಡ್ ಸ್ಟ್ಯಾಂಡಿಂಗ್ ಸರ್ಟಿಫಿಕೇಟ್ ಬೇಕು. ಬಾಕಿ ಇದ್ದವರಿಗೆ ಅದು ಸಿಗುವುದಿಲ್ಲ. ಆರು ತಿಂಗಳಿಗಿಂತ ಹಳೆಯದು ನಡೆಯುವುದಿಲ್ಲ, ಅರ್ಜಿ ಹಾಕುವ ಮುಂಚೆ ತರಿಸಿಕೊಳ್ಳಿ.

ಇನ್ನೊಂದು. ಮೈಸೂರಿನ ಪಾರ್ಟ್‌ನರ್ ಹತ್ತಿರ ಅರ್ಧ ಕಂಪನಿ ಇದೆ. ಒಬ್ಬ ವಿದೇಶಿಯ ಕೈಯಲ್ಲಿ ಶೇಕಡಾ 25ಕ್ಕೆ ಕಡಿಮೆ ಇಲ್ಲದಷ್ಟು ಷೇರಿದ್ದು, ಅವರ ಜೊತೆ ಹಣದ ವ್ಯವಹಾರ ನಡೆದಿದ್ದರೆ, ಫೆಡರಲ್ ರಿಟರ್ನ್ ಜೊತೆ 5472 ಫಾರ್ಮ್ ಕೊಡಬೇಕು. ಕೊಡದಿದ್ದರೆ ದಂಡ 25,000 ಡಾಲರ್‌ನಿಂದ ಶುರು. ಇದು ಕಾಗದದ ಹುಲಿ ಅಲ್ಲ. ಎರಡೂ ದೇಶ ಗೊತ್ತಿರುವ ಸಿಎ ಹತ್ತಿರ ಒಂದು ಗಂಟೆ ಕೂರಿ. ನಾನು ಇಲ್ಲಿ ಪುಕ್ಕಟೆ ಹೇಳುವುದಕ್ಕೆ ಇಷ್ಟೇ ಮಿತಿ.

ಬೈಟು_ಕಾಫಿ:
ಪಾರ್ಟ್‌ನರ್ ಹೋದ ವರ್ಷ 15 ಸಾವಿರ ಡಾಲರ್ ಕಂಪನಿಗೆ ಹಾಕಿದ್ದ. ಇವತ್ತೇ ಫೋನ್ ಮಾಡುತ್ತೇನೆ. ಮೈಸೂರಲ್ಲಿ ಈಗ ಬೆಳಗಿನ ಜಾವ, ಬೈದರೂ ಪರವಾಗಿಲ್ಲ. ಗುಡ್ ಸ್ಟ್ಯಾಂಡಿಂಗ್‌ಗೆ ಅರ್ಜಿ ಹಾಕಿದ್ದೇನೆ. ಶೀರ್ಷಿಕೆಯಲ್ಲಿ ಪರಿಹಾರ ಸಿಕ್ಕಿದೆ ಅಂತ ಸೇರಿಸಿದ್ದೇನೆ.

ಬುಲೆಟ್_ರಾಜ:
ನನ್ನದೂ ಡೆಲವೇರ್ ಕಂಪನಿಯೇ, ಆದರೆ ಎಲ್ಎಲ್‌ಸಿ. ನನಗೆ ಯಾಕೆ ನೋಟಿಸ್ ಬಂದಿಲ್ಲ?

ಲೆಕ್ಕಿಗ:
ಎಲ್ಎಲ್‌ಸಿ ಬೇರೆ ಥರದ ಕಂಪನಿ, ಅದಕ್ಕೆ ಷೇರಿನ ಲೆಕ್ಕವೇ ಇಲ್ಲ, ವಾರ್ಷಿಕ ವರದಿಯೂ ಇಲ್ಲ. ವರ್ಷಕ್ಕೆ 300 ಡಾಲರ್, ಜೂನ್ 1ಕ್ಕೆ. ನೆವಾಡಾಕ್ಕೆ ಹೊರಡುವ ಮುಂಚೆ ಅದನ್ನು ಕಟ್ಟಿ ಹೋಗಿ.